ಮೂರನೇ ಕಂಬದ ಧಗೆ

ಮಾಲೀಕರು ನನ್ನನ್ನು ಕೂರಿಸಿ ಚಹಾ ತರಲು ಹೇಳಿ, ಅದು ಬರುವುದರೊಳಗೇ ಕೇಳಿದರು: "ಈ ಹೆಣ್ಮಕ್ಕಳು ನಿಮಗ ಮೊದಲ ಏನರ ಹೇಳಿಕೊಟ್ಟಾರೇನ್ರಿ, ಮೇಡಂ?"

ಇಲ್ಲವೆಂದೆ. ಅವರು ನಂಬಲಿಲ್ಲ. ಅವರು ಅಷ್ಟು ಬೇಗ ಚಹಾ ತರಿಸಿದ್ದರ ಮೇಲೆ ನನಗೂ ನಂಬಿಕೆ ಬರಲಿಲ್ಲ. ಅಲ್ಲಿಗೆ ಇಬ್ಬರದೂ ಸಮ ಆಯಿತು.

ಬ್ಯಾಡಗಿಯ ಆ ಶೆಡ್ಡಿನಲ್ಲಿ ಅರವತ್ತರ ಹತ್ತಿರ ಹೆಂಗಸರು ತಗಡಿನ ಚಾವಣಿಯ ಕೆಳಗೆ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಏಪ್ರಿಲ್ ತಿಂಗಳು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಒಳಗೆ ಕೂರಲಾಗುತ್ತಿಲ್ಲ, ಆ ಹೊತ್ತು ಬಿಡುವು ಕೊಡಿ, ಬೇಕಾದರೆ ಬೆಳಗ್ಗೆ ಆರಕ್ಕೇ ಬರುತ್ತೇವೆ ಎಂದು ಹೆಂಗಸರು ಕೇಳಿದ್ದರು. ಅಂಥ ಧಗೆಯೇ ಇಲ್ಲ, ಇದೆಲ್ಲ ನೆಪ ಎಂದು ಮಾಲೀಕರು. ಮಾತು ಬೆಳೆದು, ಹೊರಗಿನವರು ಯಾರಾದರೂ ಬಂದು ಅಳೆಯಲಿ, ಅಳತೆ ಹೇಳಿದ ಹಾಗೆ ನಡೆಯೋಣ ಎಂದು ಎರಡೂ ಕಡೆಯವರು ಒಪ್ಪಿದ್ದರು. ಹೊರಗಿನವಳು ನಾನು. ಕಟ್ಟಡದೊಳಗೆ ಕುಳಿತವರ ಮೈಗೆ ಎಷ್ಟು ಶಾಖ ತಟ್ಟುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಮನೆ ಹಾವೇರಿ, ಆಫೀಸು ರಾಣೆಬೆನ್ನೂರು. ನನಗೆ ಸಿಕ್ಕಿದ್ದು ಮೂರು ದಿನ. ಆಮೇಲೆ ಮಾಲು ತುಂಬುವ ಗಡಿಬಿಡಿ, ಒಳಗೆ ಬಿಡುವುದಿಲ್ಲ ಎಂದು ಮಾಲೀಕರು ಮೊದಲೇ ಹೇಳಿಬಿಟ್ಟಿದ್ದರು.

"ನನ್ನ ಶೆಡ್ಡಿನ್ಯಾಗ ಇವತ್ತಿನ ತನಕ ಒಬ್ಬಾಕಿಗೂ ಏನೂ ಆಗಿಲ್ಲ. ಅದನ್ನೂ ಬರಕೋರಿ," ಎಂದರು. ಬರೆದುಕೊಂಡೆ. ಕೇಳದೆಯೇ ಹೇಳಿದ ಮಾತನ್ನು ನಾನು ಯಾವಾಗಲೂ ಬರೆದುಕೊಳ್ಳುತ್ತೇನೆ.

ನನ್ನ ಜೊತೆ ಬಂದಿದ್ದವರು ಡ್ರೋನ್ ಹಾರಿಸುವ ಭಾಯಿ. ರಾಣೆಬೆನ್ನೂರಿನವರು, ನನ್ನದೇ ವಯಸ್ಸು, ಹತ್ತು ವರ್ಷ ಮದುವೆಗಳ ವಿಡಿಯೋ ತೆಗೆದು ಬೇಸತ್ತು ನಮ್ಮ ಆಫೀಸಿಗೆ ಸೇರಿದವರು. ಡ್ರೋನಿಗೆ ಶಾಖ ಕಾಣುವ ಕ್ಯಾಮೆರಾ ಇತ್ತು. ಅದರ ಬೆನ್ನ ಮೇಲೆ ಅರ್ಧ ಮೀಟರಿನ ಪ್ಲಾಸ್ಟಿಕ್ ಕೊಳವೆ ನಿಲ್ಲಿಸಿ, ತುದಿಗೆ ಗಾಳಿಯ ಬಿಸಿಯನ್ನೂ ತೇವವನ್ನೂ ಅಳೆಯುವ ಸಂವೇದಕ ಕಟ್ಟಿದ್ದೆವು. ಇದಲ್ಲದೆ ಐದು ಬಿಳಿ ಡಬ್ಬಿಗಳು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡವು, ಐದೈದು ನಿಮಿಷಕ್ಕೆ ಉಷ್ಣತೆಯನ್ನು ಒಳಗೇ ಬರೆದಿಟ್ಟುಕೊಳ್ಳುತ್ತವೆ. ಅವನ್ನು ಐದು ಕಂಬಗಳಿಗೆ, ಕುಳಿತ ಹೆಂಗಸಿನ ಎದೆಯ ಎತ್ತರಕ್ಕೆ ಕಟ್ಟಿದೆ. ಡಬ್ಬಿ ಇದ್ದಲ್ಲೇ ಇದ್ದು ಇಡೀ ದಿನ ಬರೆಯುತ್ತದೆ. ಡ್ರೋನ್ ದಿನಕ್ಕೆ ಮೂರು ಸಲ ಮೂಲೆ ಮೂಲೆಗೆ ಹೋಗಿ, ಚಾವಣಿ ಎಷ್ಟು ಕಾದಿದೆ, ಬಿಸಿಗಾಳಿ ಎಲ್ಲಿ ನಿಂತಿದೆ ಎಂದು ನೋಡುತ್ತದೆ. ಎರಡನ್ನೂ ಹೊಂದಿಸಿ ಲೆಕ್ಕ ಹಾಕುವುದು ನಮ್ಮ ಕ್ರಮ.

ಹೆಂಗಸರ ಗುಂಪಿಗೆ ಒಬ್ಬ ಹಿರಿಯಳಿದ್ದಳು. ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. ಅವಳು ಡ್ರೋನಿನ ಸುತ್ತ ಒಂದು ಸುತ್ತು ಬಂದಳು.

"ಇದರಾಗ ಕ್ಯಾಮೆರಾ ಐತಿ, ಹೌದಿಲ್ರಿ ಬಾಯಾರ?"

"ಐತಿ. ಆದ್ರ ಅದಕ್ಕ ಮಕ ಕಾಣೂದಿಲ್ಲ, ಬಿಸಿ ಅಷ್ಟ ಕಾಣತೈತಿ."

"ಯಾರು ಎಷ್ಟೊತ್ತು ಕೈ ಬಿಟ್ಟು ಕುಂತ್ರು ಅನ್ನೂದು?"

ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಒಳ್ಳೆಯದೆಂದು, ಅವಳ ಅಂಗೈಯನ್ನು ಗೋಡೆಗೆ ಒತ್ತಿಸಿ, ಕೈ ತೆಗೆಸಿ, ಪರದೆ ತೋರಿಸಿದೆ. ಗೋಡೆಯ ಮೇಲೆ ಐದು ಬೆರಳಿನ ಬಿಸಿ ಗುರುತು ಇನ್ನೂ ಉಳಿದಿತ್ತು. ಅವಳು ಅದನ್ನೇ ನೋಡಿದಳು. "ಕೈ ಇಟ್ಟು ತಗದದ್ದೂ ಗೊತ್ತಾಗತೈತಿ ಅಂದ್ರ ಮುಗೀತು ಹಂಗಾರ," ಎಂದು ಹಿಂದಿನವರಿಗೆ ಹೇಳಿದಳು. ಅರವತ್ತು ಮುಖಗಳೂ ಗಂಟಿಕ್ಕಿದವು. ನನ್ನ ಬುದ್ಧಿಗೆ ನಾನೇ ಬೈದುಕೊಂಡೆ.

ಡಬ್ಬಿಗಳ ವಿಷಯದಲ್ಲಾದರೂ ಅನುಮಾನ ಬರಬಾರದೆಂದು ಹೇಳಿದೆ: "ಇದರಾಗ ಕ್ಯಾಮೆರಾ ಇಲ್ಲ. ಇದೂ ನಿಮ್ಹಂಗ ಇಲ್ಲೇ ಕುಂತು ಧಗಿ ತಿಂತೈತಿ, ಅಷ್ಟ. ಖಾರದ ಧೂಳು ಹೋದ್ರ ಕೆಡತೈತಿ. ಯಾರೂ ಕೈ ಹಚ್ಚಬ್ಯಾಡ್ರಿ." ಮೂರನೇ ಕಂಬದ ಬುಡದಲ್ಲಿ ಕುಳಿತಿದ್ದ, ಅಗಡಿಯಿಂದ ಟೆಂಪೋದಲ್ಲಿ ಬರುವ ಒಬ್ಬ ತೆಳ್ಳನೆಯ ಹೆಂಗಸು ಮಾತ್ರ ಡಬ್ಬಿಯನ್ನು ನೋಡಿ ತಲೆಯಾಡಿಸಿದಳು.

ಮೊದಲ ಹಾರಾಟ ಹಾಳಾಯಿತು. ಒಳಗೆ ಉಪಗ್ರಹದ ಸಂಕೇತ ಸಿಗುವುದಿಲ್ಲ, ತಗಡು ಮತ್ತು ಕಬ್ಬಿಣದ ನಡುವೆ ಡ್ರೋನಿನ ದಿಕ್ಸೂಚಿಗೆ ದಿಕ್ಕು ತಪ್ಪುತ್ತದೆ, ಎಲ್ಲವನ್ನೂ ಭಾಯಿ ಕೈಯಿಂದಲೇ ಸಂಭಾಳಿಸಬೇಕು. ಅಷ್ಟನ್ನು ಯೋಚಿಸಿದ್ದೆವು. ಘಾಟನ್ನು ಯೋಚಿಸಿರಲಿಲ್ಲ. ರೆಕ್ಕೆ ತಿರುಗಿದ್ದೇ ತಡ, ನೆಲದ ಖಾರದ ಧೂಳು ಎದ್ದು ಶೆಡ್ಡೆಲ್ಲ ಕೆಂಪಾಯಿತು. ಹೆಂಗಸರು ಸೆರಗು ಮುಖಕ್ಕೊತ್ತಿಕೊಂಡು ಹೊರಗೆ ಓಡಿದರು. ಭಾಯಿಗೆ ಕಣ್ಣೇ ಬಿಡಲಾಗದೆ ಡ್ರೋನ್ ಚಾವಣಿಯ ಕಬ್ಬಿಣಕ್ಕೆ ತಾಗಿ ಮೆಣಸಿನಕಾಯಿ ರಾಶಿಯ ಮೇಲೆ ಬಿತ್ತು. ನಾನು ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ನಿಂತೆ. ಹೊರಗೆ ದೊಡ್ಡವ್ವ ಹೇಳುತ್ತಿದ್ದಳು, "ಧಗಿ ಅಳ್ಯಾಕ ಬಂದಾರಂತ. ಇದ್ದ ಜೀವಾನೂ ತಗದು ಹೋಗ್ತಾರ."

ಮಧ್ಯಾಹ್ನ ಕ್ರಮ ಬದಲಿಸಿದೆವು. ರಾಶಿಗಳಿಗೆ ತಾಡಪತ್ರಿ ಹೊದಿಸಿ, ಹಾರಾಟಕ್ಕೆ ಇಪ್ಪತ್ತು ನಿಮಿಷ ಮೊದಲು ಎಲ್ಲರನ್ನೂ ಬೇವಿನ ಮರದ ಕೆಳಗೆ ಕಳಿಸುವುದು. ಇನ್ನೊಂದು ತೊಡಕು ರೆಕ್ಕೆಯ ಗಾಳಿ. ಡ್ರೋನ್ ಕೆಳಗೆ ಹಾರಿದರೆ ತನ್ನ ಗಾಳಿಯಿಂದಲೇ ಮೇಲಿನ ಬಿಸಿಯನ್ನು ಕೆಳಕ್ಕೆ ತಳ್ಳುತ್ತದೆ, ಆಮೇಲೆ ನಾವು ಅಳೆಯುವುದು ಶೆಡ್ಡನ್ನಲ್ಲ, ಡ್ರೋನನ್ನೇ. ಎಷ್ಟು ಎತ್ತರದಲ್ಲಿದ್ದರೆ ಕೆಳಗಿನ ಗಾಳಿ ಕದಲುವುದಿಲ್ಲ ಎಂದು ತಿಳಿಯಲು ಸ್ಟೂಲಿನ ಮೇಲೆ ಊದಿನಕಡ್ಡಿ ಹಚ್ಚಿಟ್ಟು ಹೊಗೆ ನೋಡಿದೆವು. ಹತ್ತು ಅಡಿಯ ಮೇಲೆ ಹೋದರೆ ಹೊಗೆ ನೆಟ್ಟಗೆ ಏಳುತ್ತಿತ್ತು. ಕುಳಿತವರ ಎತ್ತರದ ಗಾಳಿ ಬೇಕಾದಾಗ ಡ್ರೋನನ್ನು ಕಂಬದ ಪಕ್ಕ ಸ್ಟೂಲಿನ ಮೇಲೆ ಇಳಿಸಿ, ರೆಕ್ಕೆ ನಿಲ್ಲಿಸಿ, ಗಾಳಿ ತಿಳಿಯಾಗುವವರೆಗೆ ಕಾದು ಅಳೆಯುವುದು.

"ಹಾರೂದಕ್ಕಿಂತ ಕುಂದ್ರೂದ ಜಾಸ್ತಿ ಆತಲ್ರಿ ಅಕ್ಕಾರ," ಭಾಯಿ ನಕ್ಕರು. "ಕೈಯಾಗ ಹಿಡಕೊಂಡು ಅಡ್ಡಾಡಿದ್ರ ನಡೀತಿದ್ದಿಲ್ಲೇನು?"

"ರಾಶಿ ತುಳಕೊಂಡು ಹೋಗಿ ಚಾವಣಿಗೆ ಏಣಿ ಹಚ್ತೀರೇನು? ಸುಮ್ನ ಹಾರಸ್ರಿ."

ಚಾವಣಿಯ ಚಿತ್ರ ನೋಡಿದಾಗ ಅವರ ನಗೆ ನಿಂತಿತು. ತಗಡು ಅರವತ್ತು ಡಿಗ್ರಿಯ ಹತ್ತಿರ ಕಾದಿತ್ತು. ಸ್ಟೂಲಿನ ಎತ್ತರದಲ್ಲಿ ಗಾಳಿ ಮೂವತ್ತೊಂಬತ್ತು. ಆರು ಫ್ಯಾನುಗಳಿದ್ದವು, ಒಂದೂ ತಿರುಗುತ್ತಿರಲಿಲ್ಲ. ಕೆಟ್ಟಿವೆಯೇ ಎಂದು ಕೇಳಿದರೆ ಮಾಲೀಕರ ಮೇಲ್ವಿಚಾರಕ, ಅಲ್ಲಿ ಎಲ್ಲರೂ ಸೂಪರ್‌ವೈಜರ್ ಎನ್ನುವವನು, ನನ್ನನ್ನು ಏನೂ ತಿಳಿಯದವಳಂತೆ ನೋಡಿದ. "ತೊಟ್ಟು ಬಿಡಸೂ ಮುಂದ ಕಾಯಿಗೆ ನೀರು ಚಿಮುಕಸ್ತೇವ್ರಿ, ಮೆತ್ತಗಾಗ್ಲಿ ಅಂತ. ಫ್ಯಾನ್ ಹಚ್ಚಿದ್ರ ಒಣಗಿ ಮುರೀತಾವ, ಬೀಜ ಎಲ್ಲಾ ಉದರತಾವ." ಹೀಗೆ ಕಾದ ತಗಡು, ನಿಂತ ಗಾಳಿ, ಒದ್ದೆ ಕಾಯಿಯ ಹಬೆ, ಮೂರೂ ಒಂದೇ ಕಡೆ ಸೇರಿದ್ದವು. ಮೊದಲ ದಿನವೇ ನನಗೆ ಉತ್ತರ ಸಿಕ್ಕಿತೆಂದುಕೊಂಡೆ.

ಸಂಜೆ ರಾಣೆಬೆನ್ನೂರಿಗೆ ಬಂದು ಡಬ್ಬಿಗಳ ದಾಖಲೆ ಬಿಡಿಸಿದಾಗ ತಲೆ ಕೆಟ್ಟಿತು. ನಾವು ಹಾರಿಸಿದ ಹೊತ್ತಿನಲ್ಲಿ ಡಬ್ಬಿಯೂ ಡ್ರೋನೂ ಒಂದೇ ಹೇಳುತ್ತಿದ್ದವು, ಮೂವತ್ತೊಂಬತ್ತು, ನಲವತ್ತು. ನಾವು ಶೆಡ್ಡು ಬಿಟ್ಟು ಹೋದ ಸ್ವಲ್ಪ ಹೊತ್ತಿಗೇ ಐದೂ ಡಬ್ಬಿಗಳು ಮೂವತ್ತಕ್ಕೆ ಇಳಿಯುತ್ತಿದ್ದವು. ಅದೂ ನೇರವಾಗಿ ಅಲ್ಲ: ಇಳಿದು, ಏರಿ, ಮತ್ತೆ ಇಳಿದು, ಗರಗಸದ ಹಲ್ಲಿನ ಹಾಗೆ. ಗೆರೆಯನ್ನು ನೋಡಿದಷ್ಟೂ ನನಗೆ ಒಂದೇ ಕಾಣುತ್ತಿತ್ತು. ಯಾರೋ ಡಬ್ಬಿಗೆ ಕೈ ಹಾಕುತ್ತಿದ್ದಾರೆ, ನಾವು ಬರುವಾಗ ಬಿಡುತ್ತಿದ್ದಾರೆ.

ಎರಡನೇ ದಿನವೂ ಅದೇ. ಒಂದೇ ವ್ಯತ್ಯಾಸವೆಂದರೆ, ಮಧ್ಯಾಹ್ನ ಮೂರನೇ ಕಂಬದ ಡಬ್ಬಿ ಮಾತ್ರ ಮುಕ್ಕಾಲು ತಾಸು ನಲವತ್ತೊಂದರಲ್ಲಿ ನಿಂತಿತ್ತು. ಕಳ್ಳ ಆ ಒಂದು ಕಂಬವನ್ನು ಮರೆತನೆಂದುಕೊಂಡೆ. ಮಾಲೀಕರಿಗೆ ಫೋನ್ ಮಾಡಿ ಡಬ್ಬಿಯ ಲೆಕ್ಕ ಹೇಳಿದರೆ ಅವರು ಖುಷಿಯಾದರು. "ನೋಡ್ರಿ, ನಾ ಹೇಳಿದ್ದಿಲ್ಲೇನು? ನೀವು ಬಂದು ಬಾಗಲಾ ಹಾಕಿ ಆ ಮಷಿನ್ ತಿರಗಸ್ತೀರಿ, ಅದರ ಬಿಸೀನ ಅದು. ನೀವು ಹೋದ ಕೂಡಲೇ ಶೆಡ್ಡು ತಣ್ಣಗ ಇರತೈತಿ." ಡ್ರೋನಿನ ಮೋಟಾರು ಅಷ್ಟು ದೊಡ್ಡ ಶೆಡ್ಡನ್ನು ಹತ್ತು ಡಿಗ್ರಿ ಕಾಯಿಸುತ್ತದೆ ಎಂದು ಹೇಳಲು ಅವರಿಗೆ ಸ್ವಲ್ಪವೂ ಸಂಕೋಚ ಆಗಲಿಲ್ಲ. ಸಿಟ್ಟಿನಲ್ಲಿ ನನಗೆ ಊಟ ಸೇರಲಿಲ್ಲ.

ಮೂರನೇ ದಿನ ಬೆಳಗ್ಗೆ ಬಾಯಿ ಬಿಟ್ಟೆ. ಹೆಂಗಸರೆಲ್ಲರ ಎದುರಿಗೆ ಸೂಪರ್‌ವೈಜರನನ್ನು ಕರೆದು ಕೇಳಿದೆ.

"ಡಬ್ಬಿಗೆ ನೀರು ಹಾಕ್ತೀರೋ, ಬರ್ಫ ಇಡ್ತೀರೋ? ಖರೇ ಹೇಳ್ರಿ."

"ನಾ ಯಾಕ ಹಾಕ್ಲಿ? ನೀವ ಕೈ ಹಚ್ಚಬ್ಯಾಡ ಅಂದೀರಿ, ನಾ ಅದರ ಸನೇಕ ಹೋಗಿಲ್ಲ."

"ಹಂಗಾರ ಸಾವ್ಕಾರ್ರು ಹಾಕಿಸ್ಯಾರ."

ಆತ ಕೆಂಪಗಾಗಿ ಮಾಲೀಕರಿಗೆ ಫೋನ್ ಹಚ್ಚಿದ. ನಾನು ಹೆಂಗಸರ ಕಡೆ ತಿರುಗಿ, ಯಾರಾದರೂ ನೋಡಿದ್ದೀರಾ ಎಂದು ಕೇಳಿದೆ. ಒಬ್ಬರೂ ತಲೆ ಎತ್ತಲಿಲ್ಲ. ದೊಡ್ಡವ್ವ ಬುಟ್ಟಿಯಲ್ಲಿ ಏನೋ ಹುಡುಕುತ್ತಿದ್ದಳು. ಮೂರನೇ ಕಂಬದವಳ ಕೈ ಮಾತ್ರ ತೊಟ್ಟು ಕೀಳುತ್ತಲೇ ಇತ್ತು. ಅವರಿಗೆ ಮಾಲೀಕರ ಹೆದರಿಕೆ ಎಂದುಕೊಂಡು ನನ್ನ ಅನುಮಾನ ಗಟ್ಟಿಯಾಯಿತು.

ಹನ್ನೆರಡರ ಹಾರಾಟ ಮುಗಿಸಿ, ನಾಲ್ಕಕ್ಕೆ ಬರುತ್ತೇವೆಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೊರಟೆವು. ಮೋಟೆಬೆನ್ನೂರು ದಾರಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ತಿಂದು, ಗಾಡಿಯನ್ನು ದೂರ ನಿಲ್ಲಿಸಿ, ಎರಡೂವರೆಗೆ ಹಿಂದಿನ ಬಾಗಿಲಿನಿಂದ ಒಳಗೆ ಹೋದೆ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಐದೂ ಡಬ್ಬಿಗಳಿಗೆ ಬಟ್ಟೆ ಸುತ್ತಿತ್ತು. ಹಳೆಯ ಸೀರೆಯ ಪಟ್ಟಿ, ಹೆಂಗಸರು ಘಾಟಿಗೆಂದು ಮೂಗು ಬಾಯಿಗೆ ಕಟ್ಟಿಕೊಳ್ಳುವಂಥದೇ. ಮೂರನೇ ಕಂಬದವಳು ಪ್ಲಾಸ್ಟಿಕ್ ಮಗ್ಗಿನಲ್ಲಿ ತನ್ನ ಮೂಗಿನ ಬಟ್ಟೆ ಅದ್ದಿ ಹಿಂಡಿ ಕಟ್ಟಿಕೊಂಡಳು. ಆಮೇಲೆ ಎರಡು ಬೆರಳು ಅದ್ದಿ ಡಬ್ಬಿಯ ಬಟ್ಟೆಗೂ ನೀರು ಹಚ್ಚಿದಳು. ಹಚ್ಚಿ ತಿರುಗಿದಾಗ ನನ್ನನ್ನು ಕಂಡು ಎದ್ದು ನಿಂತಳು.

"ಬಾಯಾರ, ಬೈಬ್ಯಾಡ್ರಿ," ದೊಡ್ಡವ್ವ ಅವಳ ಮುಂದೆ ಬಂದಳು. "ಖಾರ ಒಳಗ ಹೋದ್ರ ಕೆಡತೈತಿ ಅಂದಿದ್ರಿ. ನಾವು ಒಣಾ ಬಟ್ಟಿ ಕಟ್ಟಿಕೊಂಡ್ರ ಘಾಟು ತಡಿಯೂದಿಲ್ಲ, ತೋಯಿಸಿ ಕಟ್ಟಿಕೊಂಡ್ರ ತಡೀತೈತಿ. ಅದಕ್ಕೂ ಹಂಗ ಕಟ್ಟಿದ್ವಿ. ಕೈ ಹಚ್ಚಬ್ಯಾಡ ಅಂದಿದ್ರಲ್ಲ, ನೀವು ಬರೂದ್ರಾಗ ಬಿಚ್ಚಿ ಇಡ್ತಿದ್ವಿ. ಮುಂಜಾನೆ ಸಿಟ್ಟಿಗೆದ್ರಿ, ಹೇಳಾಕ ಅಂಜಿಕಿ ಬಂತು."

 ಕಂಬದ ಡಬ್ಬಿಯ ಬಟ್ಟೆಯನ್ನು ಮುಟ್ಟಿ ನೋಡಿದೆ. ಬೆಳಗ್ಗೆ ಅರವತ್ತು ಜನರ ಮುಂದೆ ಒಬ್ಬ ಮನುಷ್ಯನನ್ನು ಕಳ್ಳ ಎಂದಿದ್ದೆ, ಆತ ಸತ್ಯವನ್ನೇ ಹೇಳಿದ್ದ. 

ಬೆಳಗಿನ ಮಾತಿಗೆ ಜಗಳಕ್ಕೆಂದೇ ಹೊರಟಿದ್ದ ಮಾಲೀಕರು ಅದೇ ಹೊತ್ತಿಗೆ ಬಂದರು. ನೋಡಿದರು, ಕೇಳಿದರು, ಅವರ ದನಿ ತಣ್ಣಗಾಯಿತು. "ಕಳ್ಳರು ಯಾರು ಅನ್ನೂದು ಗೊತ್ತಾತಲ್ಲ, ಮೇಡಂ. ಇವರ ಅಳತೀನ ಇವರ ಕೆಡಸ್ಯಾರ. ಮೂರು ದಿನ ಮುಗೀತು, ಮಾತೂ ಮುಗೀತು."

ಆಫೀಸಿನ ಹಿರಿಯರಿಗೆ ಫೋನ್ ಮಾಡಿದೆ. ದಾಖಲೆ ಕೆಟ್ಟಿದೆ, ಏನೂ ಹೇಳಲು ಬರುವುದಿಲ್ಲ ಎಂದು ಬರೆದು ಕೈ ತೊಳೆದುಕೊಂಡು ಬಾ ಎಂದರು. ಸರಿಯೇ. ನಿಯಮದ ಪ್ರಕಾರ ಅದೇ ಸರಿ. ಆದರೆ ಫೋನ್ ಕೆಳಗಿಟ್ಟಾಗ ನನ್ನ ಬೆರಳು ಆ ಒದ್ದೆ ಬಟ್ಟೆಯ ಮೇಲೇ ಇತ್ತು. ಹವಾಮಾನ ನೋಡುವವರು ಒಂದು ಉಷ್ಣಮಾಪಕಕ್ಕೆ ಬೇಕೆಂದೇ ಒದ್ದೆ ಬಟ್ಟೆ ಸುತ್ತುತ್ತಾರೆ. ಬೆವರಿದ ಮೈ ಎಷ್ಟು ತಣ್ಣಗಾಗಬಲ್ಲದು ಎಂದು ಅದು ಹೇಳುತ್ತದೆ. ನಾನು ಎರಡು ದಿನ ಒಣ ಗಾಳಿಯ ಲೆಕ್ಕವೆಂದು ಓದಿ ತಲೆ ಕೆಡಿಸಿಕೊಂಡಿದ್ದ ಗೆರೆ ಅದೇ. ಒಣ ಲೆಕ್ಕದಲ್ಲಿ ಮೂವತ್ತು ಸುಖ. ಒದ್ದೆ ಲೆಕ್ಕದಲ್ಲಿ ಮೂವತ್ತೆಂದರೆ, ನಿಂತ ಗಾಳಿಯಲ್ಲಿ, ಮೈಯೆಲ್ಲ ಬೆವರಿ ತೊಯ್ದರೂ ಧಗೆ ಮೈಬಿಟ್ಟು ಹೋಗುವುದಿಲ್ಲ. ತಪ್ಪಾದ ದಾಖಲೆಯನ್ನು ಎಸೆಯುವುದಿಲ್ಲ, ಹೇಗೆ ತಪ್ಪಿತೋ ಹಾಗೆಯೇ ಬರೆಯುತ್ತೇನೆ ಎಂದು ಅಲ್ಲೇ ನಿರ್ಧರಿಸಿದೆ.

ಮೊದಲು ಸೂಪರ್‌ವೈಜರನಿಗೆ ಎಲ್ಲರೆದುರೇ ತಪ್ಪಾಯಿತೆಂದೆ. ಆತ "ಇರ್ಲಿ ಬಿಡ್ರಿ" ಎಂದ, ಮುಖದ ಗಂಟು ಮಾತ್ರ ಬಿಡಲಿಲ್ಲ. ಆಮೇಲೆ ಬುಟ್ಟಿಯೊಂದನ್ನು ಬೋರಲು ಹಾಕಿ, ಮೇಲೆ ಲ್ಯಾಪ್‌ಟಾಪ್ ಇಟ್ಟು, ಮಾಲೀಕರನ್ನೂ ದೊಡ್ಡವ್ವನನ್ನೂ ಕರೆದೆ. ಡ್ರೋನಿನ ಲೆಕ್ಕ ಒಣ ಗಾಳಿಯದು, ಡಬ್ಬಿಯದು ಒದ್ದೆ ಬಟ್ಟೆಯದು, ಎರಡೂ ಸೇರಿದರೆ ಇಲ್ಲಿ ಕುಳಿತವರ ಮೈಯ ಸ್ಥಿತಿ ತಿಳಿಯುತ್ತದೆ ಎಂದು ವಿವರಿಸಿದೆ. ಹಲ್ಲು ಹಲ್ಲಾಗಿ ಕಾಣುವುದು ಬಟ್ಟೆ ಒಣಗಿದ್ದು, ಮತ್ತೆ ತೋಯಿಸಿದ್ದು.

ಮಾಲೀಕರು ಜಾಣರು. ಗೆರೆಯ ಮೇಲೆ ಬೆರಳಿಟ್ಟರು. "ಇಲ್ಲಿ ನಿನ್ನಿ ಮೂರನೇ ಕಂಬಕ್ಕ ಎರಡು ಗಂಟೆ ನಲವತ್ತು ನಿಮಿಷಕ್ಕ ಹಲ್ಲು ನಿಂತಾವು. ಮುಕ್ಕಾಲು ತಾಸು ಯಾರೂ ನೀರು ಹಚ್ಚಿಲ್ಲ. ಕೆಲಸಾ ಬಿಟ್ಟು ಎಲ್ಲಿ ಹೋಗಿದ್ದಿ ಯವ್ವಾ?"

ಮೂರನೇ ಕಂಬದವಳು ತನ್ನ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನೀರು ಕುಡ್ಯಾಕ ಹೋಗಿದ್ಲ್ರಿ," ದೊಡ್ಡವ್ವ ಎಂದಳು.

"ಮುಕ್ಕಾಲು ತಾಸು ನೀರು ಕುಡಿದ್ಲೇನು?"

ಆಗ ನನಗೆ ತಿಳಿಯಿತು. ಕ್ಯಾಮೆರಾ ಇಲ್ಲವೆಂದು ಹೇಳಿ ಕಟ್ಟಿದ ಡಬ್ಬಿ ಇವಳು ಎದ್ದ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಹಿಡಿದಿಟ್ಟಿತ್ತು, ನಾನೇ ಅದನ್ನು ತೆರೆದು ಮಾಲೀಕರ ಕಣ್ಣ ಮುಂದೆ ಇಟ್ಟಿದ್ದೆ. ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕೈ ಹಾಕಿದೆ. "ಬಿಡ್ರಿ ಸಾಹೇಬ್ರ, ಆ ಕಂಬದ್ದು ನಾ ವರದಿಯೊಳಗ ಹಾಕೂದಿಲ್ಲ."

"ಹಾಕ್ರಿ," ಎಂದಳು ಅವಳು. ಮೂರು ದಿನದಲ್ಲಿ ಅವಳ ದನಿ ನಾನು ಕೇಳಿದ್ದು ಅದೇ ಮೊದಲು. "ಚಕ್ಕರ ಬಂದು ಬಿದ್ದೆ. ಇವರೆಲ್ಲಾ ಎತ್ತಿಕೊಂಡು ಹೋಗಿ ನೀರಿನ ಟಾಕಿ ಹತ್ರ ಮಲಗಿಸಿದ್ರು. ಬಿದ್ದಾಕಿನ್ನ ಮರುದಿನ ಕೆಲಸಕ್ಕ ಕರಿಯೂದಿಲ್ಲಂತ ಯಾರೂ ಹೇಳಲಿಲ್ಲ. ಈ ಹಂಗಾಮಿನಾಗ ಬಿದ್ದಾಕಿ ನಾ ಒಬ್ಬಾಕಿ ಅಲ್ಲ."

 ಮಾಲೀಕರು ಪರದೆಯನ್ನೇ ನೋಡುತ್ತಿದ್ದರು. ಒಬ್ಬಳಿಗೂ ಏನೂ ಆಗಿಲ್ಲವೆಂದು ಅವರು ಹೇಳಿದ್ದು ಸುಳ್ಳೋ, ಅವರಿಗೇ ಗೊತ್ತಿರಲಿಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ.

"ಮೂರು ಗಂಟೆ ಇಪ್ಪತ್ತೈದು ನಿಮಿಷಕ್ಕ ಮತ್ತ ಹಲ್ಲು ಸುರು ಆಗ್ಯಾವಲ್ಲ," ಎಂದರು ಕೊನೆಗೆ. "ಆವಾಗ ನೀರು ಹಚ್ಚಿದವರು ಯಾರು?"

"ನಾನ ರೀ. ಮತ್ಯಾರು?"

"ಚಕ್ಕರ ಬಂದು ಬಿದ್ದಾಕಿ, ಎದ್ದು ಬಂದು ಡಬ್ಬಿಗೆ ನೀರು ಹಚ್ಚಿದಿ?"

"ಅಷ್ಟೊತ್ತು ಅದು ಒಣಾ ಕುಂತಿತ್ತಲ್ರಿ ಸಾವ್ಕಾರ್ರ. ನಂದರ ಇವರು ನೋಡಿಕೊಂಡ್ರು. ಅದಕ್ಕ ಯಾರದಾರ?"

ಮಾಲೀಕರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಸೂಪರ್‌ವೈಜರನಿಗೆ, "ನಾಕರ ತನಕ ಬಂದ್ ಮಾಡ್ಸು. ನಾಳಿಂದ ಒಂದಕ್ಕ ಬಂದ್, ಮುಂಜಾನೆ ಆರಕ್ಕ ಬಾಗಲಾ ತಗಿ," ಎಂದರು. ನನ್ನ ಕಡೆ ನೋಡದೆ, "ಇಷ್ಟೂ ಬರೀರಿ," ಎಂದರು.

ಒಬ್ಬರೂ ಏಳಲಿಲ್ಲ. ಮೊದಲು ಎದ್ದವಳ ಗತಿ ಏನಾಗುತ್ತದೋ ಎಂದು ಎಲ್ಲರೂ ಪಕ್ಕದವರ ಮುಖ ನೋಡುತ್ತ ಕುಳಿತಿದ್ದರು, ದೊಡ್ಡವ್ವನೂ ಕೂಡ. ಭಾಯಿ ನನ್ನ ಕಡೆ ನೋಡಿದರು. ನನಗೂ ಆ ಮಾತಿನ ಮೇಲೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಮೊದಲು ಎದ್ದವಳು ಮೂರನೇ ಕಂಬದವಳೇ. ಮಡಿಲಿನ ತೊಟ್ಟುಗಳನ್ನು ಕೊಡವಿದಳು, ಡಬ್ಬಿಯ ಬಟ್ಟೆ ಬಿಚ್ಚಿ ಹಿಂಡಿದಳು, ಅದರಿಂದಲೇ ಕುತ್ತಿಗೆ ಒರೆಸಿಕೊಂಡು ಬಾಗಿಲು ದಾಟಿ ಹೋದಳು.